ಸೇನೆಯಲ್ಲಿ 24 ವರ್ಷ ಕಳೆದು ಕೊಡಗಿಗೆ ಬಂದಿದ್ದೇನೆ, ದಿನ ಸಾಗ್ತಿಲ್ಲ. ಏನು ಮಾಡಲಿ?

ಐದಕ್ಕೆ ಎಚ್ಚರ ಆಗುತ್ತೆ, ಆಮೇಲೆ ಕೆಲಸ ಇಲ್ಲ; ಮೂರು ಎಕರೆ ಅರೇಬಿಕಾ ಕಾಫಿ ತೋಟ ತಮ್ಮ ನೋಡಿಕೊಳ್ತಿದ್ದಾನೆ, ಬಂದ ಇಡುಗಂಟನ್ನು ಅದಕ್ಕೆ ಹಾಕಲಾ ಅಂತ ಕೇಳಿದ್ದೀರಿ.

ಮೊದಲ ವರ್ಷ ಒಂದು ರೂಪಾಯಿಯೂ ಹಾಕಬೇಡಿ. ಕಾಫಿ ಹೂ ಅರಳಿಸೋ ಹೂಮಳೆಯಿಂದ ಕೊಯ್ಲಿನವರೆಗೆ ಒಂದು ಸುತ್ತು ಸುಮ್ಮನೆ ನೋಡಿ. ಇಷ್ಟು ವರ್ಷ ತೋಟ ನಡೆಸಿದ ತಮ್ಮನಿಗೆ ಬಂದ ವಾರವೇ ಆರ್ಡರ್ ಕೊಟ್ಟರೆ ಮನೆಯಲ್ಲಿ ಮಾತು ನಿಲ್ಲುತ್ತೆ. ಪಹಣಿ ಯಾರ ಯಾರ ಹೆಸರಲ್ಲಿದೆ ನೋಡಿಕೊಳ್ಳಿ. ಜಂಟಿಯಾಗಿದ್ದರೆ ನೀವು ಹಾಕಿದ ದುಡ್ಡು ಎಲ್ಲರ ಪಾಲಿಗೂ ಸೇರಿದಂತೆ. ಪಿಂಚಣಿಯ ಅರ್ಧ ಕಮ್ಯೂಟ್ ಮಾಡಿದ್ದರೆ, ಅಂದರೆ ತಿಂಗಳ ಪಿಂಚಣಿಯಲ್ಲಿ ಅಷ್ಟು ಬಿಟ್ಟುಕೊಟ್ಟು ಇಡುಗಂಟಾಗಿ ತಗೊಂಡಿದ್ದರೆ, ಅದು ಪೂರ್ತಿ ವಾಪಸ್ ಬರೋದು 15 ವರ್ಷದ ಮೇಲೆ, ಆ ಲೆಕ್ಕವೂ ತಲೆಯಲ್ಲಿರಲಿ.

ಬೆಳಗ್ಗೆಗೆ ಒಂದು ಕೆಲಸ ಕೇಳಿ ಇಸ್ಕೊಳ್ಳಿ: ಕಾಂಡಕೊರಕದ ಟ್ರೇಸಿಂಗ್, ಅಂದರೆ ಕಾಂಡ ಕೊರೆಯೋ ಹುಳ ಹಿಡಿದ ಗಿಡಗಳನ್ನು ಹುಡುಕೋದು. ಆಳು ಸಿಗದ ಕಾಲದಲ್ಲಿ ತಮ್ಮನೂ ಬೇಡ ಅನ್ನಲ್ಲ. ಆರಡಿ ಅಂತರದ ತೋಟದಲ್ಲಿ ಎಕರೆಗೆ ಸುಮಾರು 1,200 ಗಿಡ. ದಿನಕ್ಕೆ ನೂರು ನೋಡಿದರೂ ಹನ್ನೆರಡು ದಿನಕ್ಕೆ ಒಂದು ಎಕರೆ. ನೆರಳು ತೆಳುವಾದ ಕಡೆಯಿಂದ ಶುರು ಮಾಡಿ, ಹುಳ ಬಿಸಿಲು ಬೀಳೋ ಗಿಡಕ್ಕೇ ಹೆಚ್ಚು. ಎಲೆ ಹಳದಿಯಾಗಿ ಸೊರಗಿದ್ದರೆ ಕಾಂಡದ ಮೇಲೆ ಕೈಯಾಡಿಸಿ. ಒಳಗೆ ಮರಿಹುಳ ಸುರಂಗ ಕೊರೆದ ಕಡೆ ತೊಗಟೆ ಏಣಾಗಿ ಉಬ್ಬಿರುತ್ತೆ, ಕಣ್ಣಿಗಿಂತ ಬೆರಳಿಗೆ ಬೇಗ ಗೊತ್ತಾಗುತ್ತೆ. ಅಂಥ ಗಿಡವನ್ನು ಬೇರು ಸಮೇತ ಕಿತ್ತು ಅವತ್ತೇ ಸುಡಿ. ಬಚ್ಚಲ ಒಲೆಗೆ ಆಗುತ್ತೆ ಅಂತ ಒಟ್ಟಿಟ್ಟರೆ ಕೆಟ್ಟಿತು: ಆ ಸೌದೆಯೊಳಗೇ ಹುಳ ದುಂಬಿಯಾಗಿ ಹಾರಿ ಪಕ್ಕದ ಗಿಡದ ತೊಗಟೆ ಸಂದಿಯಲ್ಲಿ ಮೊಟ್ಟೆ ಇಡುತ್ತೆ. ದುಂಬಿ ಹಾರೋದು ಏಪ್ರಿಲ್-ಮೇಯಲ್ಲಿ, ಮತ್ತೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. ಅದಕ್ಕೇ ಟ್ರೇಸಿಂಗ್ ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ ಮುಗಿಯಬೇಕು. ಯಾವ ಸಾಲಲ್ಲಿ ಎಷ್ಟು ಕಿತ್ತಿರಿ ಅಂತ ಒಂದು ನೋಟ್‌ಬುಕ್ಕಲ್ಲಿ ಬರೆದಿಡಿ. ಅನುಮಾನ ಬಂದರೆ ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರಕ್ಕೆ ಹೋಗಿ ಕೇಳಿ.

ಅಸಲಿ ಕಷ್ಟ ಜೂನ್‌ನಲ್ಲಿ. ಈಗ ಬೇಜಾರು ಅಂತೀರಲ್ಲ, ಅದು ಏನೂ ಅಲ್ಲ. ವಾರಗಟ್ಟಲೆ ಬಿಡದ ಮಳೆ, ಕರೆಂಟ್ ಇಲ್ಲ, ನಾಲ್ಕು ಗಂಟೆಗೇ ಮಬ್ಬು, ಕಪಾಟಲ್ಲಿ ಮಿಲಿಟರಿ ಕ್ಯಾಂಟೀನ್ ರಮ್. ಯೂನಿಟ್ಟಲ್ಲಿ ಪೆಗ್ಗಿಗೂ ಒಂದು ಟೈಮ್ ಇತ್ತು, ಇಲ್ಲಿ ಇಲ್ಲ. ತಿಂಗಳ ಕೋಟಾ ಒಟ್ಟಿಗೆ ತರಬೇಡಿ. ಪಿಟಿ ನಿಂತು ಊಟ ಮಾತ್ರ ಹಾಗೇ ಉಳಿದರೆ ಬಿಪಿ, ಶುಗರ್ ಏರುತ್ತೆ. ಮಳೆಗೆ ಮುಂಚೆಯೇ ಮಾಜಿ ಸೈನಿಕರ ಆರೋಗ್ಯ ಯೋಜನೆ ಇಸಿಎಚ್‌ಎಸ್‌ನಲ್ಲಿ ಒಂದು ಸಲ ಚೆಕ್ ಮಾಡಿಸಿ, ಹೆಂಡತಿಯ ಕಾರ್ಡೂ ಸರಿ ಇದೆಯಾ ನೋಡಿ. ಜುಲೈ-ಆಗಸ್ಟ್‌ನಲ್ಲೂ ಹೊರಗೆ ಕೆಲಸ ಇದೆ: ಮರದಿಂದ ಉದುರಿ ಗಿಡದ ನೆತ್ತಿಯಲ್ಲಿ ಒದ್ದೆಯಾಗಿ ಕೂತ ಎಲೆಗಳನ್ನು ತೆಗೆಯೋದು. ಬಿಟ್ಟರೆ ಅಲ್ಲೇ ಕೊಳೆರೋಗ ಹಿಡಿದು ಕಾಯಿ ಉದುರುತ್ತೆ. ರೈನ್‌ಕೋಟ್, ಗಂಬೂಟ್, ಜಿಗಣೆಗೆ ಸುಣ್ಣ ಇದ್ದರೆ ಎರಡು ಗಂಟೆ ಆರಾಮಾಗಿ ಕಳೆಯುತ್ತೆ.

ಸೆಪ್ಟೆಂಬರ್ ಶುರುವಿನ ಕೊಡವರ ಹಬ್ಬ ಕೈಲ್‌ಪೊಳ್ದ್ ಮುಗಿದ ವಾರವೇ ಎರಡನೇ ಟ್ರೇಸಿಂಗ್ ಶುರು ಮಾಡಿ, ಮಾರ್ಚ್‌ನ ನೋಟ್‌ಬುಕ್ ಜತೆಗಿಟ್ಟುಕೊಂಡು. ತೋಟಕ್ಕೆ ದುಡ್ಡು ಹಾಕೋ ವಿಷಯ ತಮ್ಮನ ಹತ್ತಿರ ಎತ್ತೋದಾದರೆ ಕೊಯ್ಲು ಮುಗಿದು ಲೆಕ್ಕ ಕೈಗೆ ಬಂದ ಮೇಲೆ.