10 ಕಿ.ಮೀ. 58 ನಿಮಿಷದಲ್ಲಿ ಓಡ್ತೀನಿ. ಸ್ಪೀಡ್ ಪ್ರಾಕ್ಟೀಸಿಗೆ ದಪ್ಪ ಫೋಮಿನ ಶೂ ತಗೋಬೇಕು: ಕಾರ್ಬನ್ ಪ್ಲೇಟಾ, ನೈಲಾನ್ ಪ್ಲೇಟಾ?

ಪ್ಲೇಟಿನ, ಅಂದ್ರೆ ಶೂ ಅಡಿಯ ಫೋಮಿನೊಳಗಿನ ಗಟ್ಟಿ ಹಾಳೆಯ, ಮಾತು ಆಮೇಲೆ. ನಿಮ್ಮ ಪ್ರಶ್ನೆಯ ಕೊನೆಗೆ "ಫೋಮ್ ದಪ್ಪ ಇರೋದ್ರಿಂದ ದಿನಾ ಹಾಕ್ಕೊಂಡ್ರೂ ಕಾಲಿಗೆ ಒಳ್ಳೇದೇ ಅಲ್ವಾ" ಅಂತ ಒಂದು ಸಾಲು ಸೇರಿಸಿದ್ದೀರಿ. ಆ ಸಾಲು ಓದಿಯೇ ನಾನು ಬರೆಯೋಕೆ ಕೂತದ್ದು. ಅದನ್ನೇ ನಂಬಿ ಒಂದು ಚಳಿಗಾಲ ಪೂರ್ತಿ ಓಟ ಬಿಟ್ಟು ಮನ್ಯಾಗ ಕೂತವ ನಾನು.

ನಮ್ಮೂರು ವಿಜಯಪುರ, ಕೆಲಸ ಶಾಲೆ ಮಾಸ್ತರಕಿ. ಬೆಳಿಗ್ಗೆ ಬಿಸಿಲೇರೋ ಮೊದಲು ಭೂತನಾಳ ಕೆರೆ ಕಡೆ ಓಡೋದು, ವಾರಕ್ಕೊಮ್ಮೆ ಅಂಬೇಡ್ಕರ್ ಕ್ರೀಡಾಂಗಣದಲ್ಲಿ ಇಂಟರ್ವಲ್ (ಸ್ವಲ್ಪ ದೂರ ಜೋರಾಗಿ ಓಡಿ, ಸುಧಾರಿಸಿಕೊಂಡು ಮತ್ತೆ ಓಡೋದು). ಆಗ ನನ್ನ 10 ಕಿ.ಮೀ. 55 ನಿಮಿಷದ ಆಸುಪಾಸು ಇತ್ತು, ನಿಮಗಿಂತ ಭಾಳ ದೂರ ಏನಿಲ್ಲ. ಡಿಸೆಂಬರಿನಲ್ಲಿ ನಮ್ಮಲ್ಲಿ ನಡೆಯೋ ವೃಕ್ಷೋಥಾನ್ ಹೆರಿಟೇಜ್ ರನ್‌ನಲ್ಲಿ 21 ಕಿ.ಮೀ. ಎರಡು ತಾಸಿನೊಳಗೆ ಮುಗಿಸಬೇಕು ಅನ್ನೋ ಹಂಬಲ. ಕಾಲಿಗೆ ಹಾಕಿ ನೋಡಿ ತಗೊಳ್ಳೋಣ ಅಂದ್ರೆ ಈ ಥರದ ಶೂ ಊರಲ್ಲಿ ನನಗೆ ಸಿಗಲಿಲ್ಲ. ಆಗಸ್ಟ್ ಹದಿನೈದರ ಆಫರಿನಲ್ಲಿ ಆನ್‌ಲೈನ್ ತರಿಸಿದೆ. ಹಿಮ್ಮಡಿ ಕಡೆ ಹತ್ತತ್ತಿರ ನಾಲ್ಕು ಸೆಂಟಿಮೀಟರ್ ದಪ್ಪದ ಅಡಿ, ಒಳಗೆ ಈ ತುದಿಯಿಂದ ಆ ತುದಿವರೆಗೆ ಕಾರ್ಬನ್ ಪ್ಲೇಟ್.

ಮೊದಲ ದಿನವೇ ವಾಚಿನಲ್ಲಿ ಪೇಸ್, ಅಂದ್ರೆ ಒಂದು ಕಿ.ಮೀ.ಗೆ ಹಿಡಿಯೋ ಹೊತ್ತು, ಇಳಿದಿತ್ತು. ಹೊಸ ಶೂ ಹಾಕ್ಕೊಂಡ ಉಮೇದಿಗೆ ಯಾರಾದ್ರೂ ಜೋರಾಗೇ ಓಡ್ತಾರ, ಆ ಲೆಕ್ಕ ನಾನು ಹಿಡೀಲಿಲ್ಲ. ಆದ್ರೆ ನನ್ನನ್ನ ಕೆಡಿಸಿದ್ದು ಆ ಪೇಸ್ ಅಲ್ಲ. ಮರುದಿನ ಬೆಳಿಗ್ಗೆ ಕಾಲು ನೋಯಲಿಲ್ಲ ನೋಡ್ರಿ, ಕೆಟ್ಟಿದ್ದು ಅಲ್ಲಿ.

ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಇಡೀ ಉತ್ತರದಲ್ಲಿ ನೀವು ನೆನಪಿಟ್ಟುಕೊಳ್ಳಬೇಕಾದ ಭಾಗ ಇದೇ. ಹಳೇ ತೆಳು ಶೂನಲ್ಲಿ ಇಂಟರ್ವಲ್ ಮಾಡಿದ್ರೆ ಮರುದಿನ ಮೀನಖಂಡ, ತೊಡೆ ಎರಡೂ ಬಿಗೀತಿದ್ವು. ಮೆಟ್ಟಿಲು ಇಳಿಯೋದು ಕಷ್ಟ. ಆ ನೋವೇ ನನಗೆ ಲಗಾಮು ಆಗಿತ್ತು. ಅದಿದ್ದ ದಿನ ಓಡ್ತಿರಲಿಲ್ಲ, ಇಲ್ಲಾಂದ್ರೆ ತೀರಾ ನಿಧಾನ ಓಡ್ತಿದ್ದೆ. ಹೊಸ ಶೂ ಆ ನೋವನ್ನ ಅಳಿಸಿಹಾಕ್ತು. ಮೆತ್ತನೆ ಫೋಮ್ ಪೆಟ್ಟನ್ನ ತಾನು ತಗೊಂಡು ಸ್ನಾಯುಗಳ ದಣಿವು ಕಡಿಮೆ ಮಾಡೋದು ಖರೇ. ನಾನು ಅದನ್ನ ಹೇಗೆ ಓದಿಕೊಂಡೆ ಅಂದ್ರೆ: ನೋವಿಲ್ಲ, ಅಂದ್ರೆ ಕಾಲಿಗೆ ಏನೂ ಆಗಿಲ್ಲ, ಅಂದ್ರೆ ಇವತ್ತೂ ಓಡಬಹುದು. ಇಂಟರ್ವಲ್ಲಿಗೆ ಅಂತ ತಂದ ಶೂ ಟೆಂಪೋಗೆ (ಒಂದೇ ಸಮನೆ ಜೋರಾಗಿ ಓಡೋದಕ್ಕೆ) ಬಂತು, ಭಾನುವಾರದ ಲಾಂಗ್ ರನ್ನಿಗೆ ಬಂತು, ಆಮೇಲೆ ನಿಧಾನ ಓಡೋ ದಿನಗಳಿಗೂ ಅದೇ. ವಾರದ ಕಿಲೋಮೀಟರ್ ಏರ್ತಾ ಹೋಯ್ತು. ಹಳೇ ಶೂ ಅಟ್ಟ ಸೇರ್ತು.

ಸ್ನಾಯು ಒಂದೆರಡು ದಿನದಲ್ಲಿ ಸುಧಾರಿಸಿಕೊಳ್ಳುತ್ತೆ. ಮೂಳೆ ಹಾಗಲ್ಲ. ಹೆಚ್ಚಿನ ಭಾರಕ್ಕೆ ಮೂಳೆ ಗಟ್ಟಿಯಾಗೋಕೆ ತಿಂಗಳುಗಟ್ಟಲೆ ಬೇಕು, ಅಲ್ಲಿವರೆಗೆ ಅದು ಕೂಗಿ ಹೇಳೋದೂ ಇಲ್ಲ. ಶೂ ಮುಚ್ಚಿಹಾಕಿದ್ದು ಸ್ನಾಯುವಿನ ದೂರನ್ನ ಮಾತ್ರ. ಪ್ರತಿ ಹೆಜ್ಜೆಗೆ ಮೈಭಾರದ ಎರಡು-ಮೂರು ಪಟ್ಟು ಒತ್ತಡ ಪಾದದ ಮೇಲೆ ಬೀಳೋದು ಹಾಗೇ ಮುಂದುವರಿದಿತ್ತು. ಅದರ ಮೇಲೆ ಪ್ಲೇಟ್. ಸಾದಾ ಶೂ ಬೆರಳುಗಳ ಬುಡದಲ್ಲಿ ಬಾಗುತ್ತೆ, ಪ್ಲೇಟಿನ ಶೂ ಅಲ್ಲಿ ಬಾಗಲ್ಲ. ಬೆರಳುಗಳ ಕೀಲಿನ ಕೆಲಸ ಕಡಿಮೆಯಾದಾಗ ಭಾರ ಪಾದದ ಬೇರೆ ಕಡೆ ಹಂಚಿಹೋಗುತ್ತೆ. ಜೋರಾಗಿ ಓಡುವಾಗ ಪಾದ ನೆಲದ ಮೇಲಿರೋದೇ ಕ್ಷಣ, ಶೂ ತನ್ನ ಕೆಲಸ ಮಾಡಿ ಮುಗಿಸುತ್ತೆ. ನಿಧಾನ ಓಡುವಾಗ ಪಾದ ಹೆಚ್ಚು ಹೊತ್ತು ಆ ಎತ್ತರದ ಫೋಮಿನ ಮೇಲೆ ಕೂತಿರುತ್ತೆ. ಹಿಮ್ಮಡಿ ಕಡೆ ಅಡಿ ಕಿರಿದಾಗಿದ್ರಂತೂ ಮಳೆ ಬಿದ್ದ ಎರೆಹೊಲದಾಗ ಕಾಲಿಟ್ಟಂಗ, ಯಾವ ಕಡೆ ಜಾರುತ್ತೋ ಗೊತ್ತಾಗಲ್ಲ. ಸ್ನಾಯುಗಳು ಪ್ರತಿ ಹೆಜ್ಜೆಗೂ ಪಾದವನ್ನ ನೆಟ್ಟಗೆ ಹಿಡಿಯೋ ಕೆಲಸ ಮಾಡ್ತಾನೇ ಇರಬೇಕು. ನನ್ನ ಓಟದಲ್ಲಿ ಹೆಚ್ಚಿನದೆಲ್ಲ ನಿಧಾನದ್ದೇ. ಅಂದ್ರೆ ಈ ಶೂ ಯಾವ ಕೆಲಸಕ್ಕೆ ತೀರಾ ಹೊಂದಲ್ಲವೋ ಅದಕ್ಕೇ ನಾನು ಅದನ್ನ ಹೆಚ್ಚು ಬಳಸಿದ್ದೆ.

ದೀಪಾವಳಿ ಹೊತ್ತಿಗೆ ಎಡಗಾಲಿನ ಕಣಕಾಲ ಮುಂದೆ, ಪಾದದ ಮೇಲ್ಭಾಗದಲ್ಲಿ ಒಳಗಡೆಗೆ ಸಣ್ಣಗೆ ನೋವು ಶುರುವಾಯ್ತು. ಓಡೋಕೆ ಹೊರಟ ಸ್ವಲ್ಪ ಹೊತ್ತಿಗೆ ಮಾಯ, ನಿಂತ ಮೇಲೆ ಮತ್ತೆ. ಲೇಸ್ ಬಿಗಿಯಾಗಿರಬೇಕು ಅಂತ ಸಡಿಲ ಮಾಡಿದೆ. ಮನೆಯವಳೇ ಮೊದಲು ಕಂಡುಹಿಡಿದದ್ದು: "ಯಾಕ್ರೀ, ಮೆಟ್ಲ ಇಳಿಯುವಾಗ ಎಡಗಾಲ ಹಿಂಗ್ಯಾಕ ಅಡ್ಡ ಇಡ್ತೀರಿ?" ಅಂದ್ಲು. ಅವತ್ತೇ ದವಾಖಾನಿಗೆ ಹೋಗಿದ್ರೆ ಬೇರೆ ಮಾತಾಗ್ತಿತ್ತು. ರೇಸಿಗೆ ಇನ್ನು ಸ್ವಲ್ಪೇ ದಿನ ಐತಿ ಅಂತ ಓಡ್ತಾನೇ ಇದ್ದೆ.

ಮೂಳೆ ಡಾಕ್ಟ್ರು ಹೆಬ್ಬೆರಳಿನಿಂದ ಆ ಜಾಗವನ್ನ ಒತ್ತಿದ್ರು, ನಾನು ಕುರ್ಚಿಯಿಂದ ಎದ್ದುಬಿಟ್ಟೆ. ಎಂಆರ್‌ಐ ಮಾಡಿಸಿದ್ರೆ ನ್ಯಾವಿಕ್ಯುಲರ್ ಅನ್ನೋ ಮೂಳೆಗೆ ಒತ್ತಡದ ಗಾಯ, ಬಿರುಕು ಬಿಡೋ ಮೊದಲಿನ ಹಂತ. ಪಾದದ ಕಮಾನಿನ ನಡುವೆ ಇರೋ ಸಣ್ಣ ಮೂಳೆ ಅದು. ಅದರ ಮಧ್ಯಭಾಗಕ್ಕೆ ರಕ್ತ ಹರಿಯೋದು ಕಡಿಮೆ, ಹಾಗಾಗಿ ಮಾಯೋದು ನಿಧಾನ. ಕಾಲು ಊರಬಾರದು ಅಂದ್ರು. ಊರುಗೋಲು, ಪಾದ ಅಲುಗದಂಗ ಹಿಡಿಯೋ ಬೂಟು, ಶಾಲೆಗೆ ರಜೆ. ರೇಸಿನ ದಿನ ಮನೆ ಮುಂದಿನ ರಸ್ತೆಯಲ್ಲಿ ಬಿಬ್ ಹಾಕ್ಕೊಂಡು ಹೋಗೋ ಹುಡುಗರನ್ನ ನೋಡೋಕೆ ನನಗೆ ಆಗಲಿಲ್ಲ, ಒಳಗೆ ಹೋಗಿ ಕದ ಹಾಕ್ಕೊಂಡೆ.

ಶೂನಿಂದಲೇ ಹಾಗಾಯ್ತು ಅಂತ ಡಾಕ್ಟ್ರೂ ಹೇಳಲಿಲ್ಲ, ನಾನೂ ಹೇಳಲ್ಲ. ಕಿಲೋಮೀಟರ್ ಏರಿಸಿದ್ದು ನಾನು. ಆದ್ರೆ 2023ರಲ್ಲಿ ಸ್ಪೋರ್ಟ್ಸ್ ಮೆಡಿಸಿನ್ ಅನ್ನೋ ಪತ್ರಿಕೆಯಲ್ಲಿ ವೈದ್ಯರು ಕಾರ್ಬನ್ ಪ್ಲೇಟ್ ಶೂ ಬಳಸಿದ ಐವರು ಓಟಗಾರರಲ್ಲಿ ಇದೇ ಮೂಳೆಯ ಗಾಯ ಕಂಡದ್ದನ್ನ ಬರೆದು, ಇಂಥ ಶೂಗೆ ನಿಧಾನವಾಗಿ ಒಗ್ಗಿಕೊಳ್ಳಬೇಕು ಅಂದಿದ್ದಾರೆ. ಐದು ಜನರಿಂದ ಏನೂ ಸಾಬೀತಾಗಲ್ಲ. ಆದ್ರೂ ಪಾದದ ಆ ಜಾಗದಲ್ಲಿ, ಮೇಲೆ, ಒಳಗಡೆ, ಬೆರಳಿಟ್ಟರೆ ನೋಯ್ತು ಅಂದ್ರೆ ಒಂದು ಹೆಜ್ಜೆನೂ ಓಡಬೇಡ್ರಿ. ಇದರಲ್ಲಿ ನಾನು ಯಾವ ರಾಜಿನೂ ಮಾಡ್ಕೊಳ್ಳಲ್ಲ.

ಇನ್ನು ನಿಮ್ಮ ಕಾರ್ಬನ್-ನೈಲಾನ್ ಪ್ರಶ್ನೆ. ನನ್ನ ಕೇಳಿದ್ರೆ ಪ್ರಶ್ನೆಯೇ ತಪ್ಪು ಜಾಗದಿಂದ ಶುರುವಾಗಿದೆ. ಈ ಶೂಗಳ ಹೆಸರು ಎದ್ದದ್ದು 2017ರಲ್ಲಿ, ಇಟಲಿಯ ಮೊಂಜಾದಲ್ಲಿ ಕೀನ್ಯಾದ ಓಟಗಾರ ಕಿಪ್‌ಚೋಗೆ 2 ತಾಸು 25 ಸೆಕೆಂಡಿಗೆ ಮ್ಯಾರಥಾನ್ ದೂರ ಓಡಿದಾಗ. ಅಮೆರಿಕದ ಕೊಲರಾಡೋದ ಪ್ರಯೋಗಾಲಯದಲ್ಲಿ ಆ ಶೂ, ನೈಕಿಯ ವೇಪರ್‌ಫ್ಲೈ, ಅಳೆದಾಗ ಓಟಕ್ಕೆ ಬೇಕಾದ ಶಕ್ತಿ ಸರಾಸರಿ ಶೇ 4ರಷ್ಟು ಕಡಿಮೆ ಬಂತು. ಎಲ್ಲರ ಬಾಯಲ್ಲಿ ಓಡಾಡೋ ಅಂಕಿ ಅದು. ಆದ್ರೆ ಆ ಪ್ರಯೋಗದಲ್ಲಿ ಓಡಿದವರು ಯಾರು? 10 ಕಿ.ಮೀ. ಅನ್ನು 32 ನಿಮಿಷದೊಳಗೆ ಮುಗಿಸೋ ಗಂಡಾಳುಗಳು, ಗಂಟೆಗೆ 14ರಿಂದ 18 ಕಿ.ಮೀ. ವೇಗದಲ್ಲಿ. ನೀವು ಓಡ್ತಿರೋದು ಗಂಟೆಗೆ ಹತ್ತೂ ಚಿಲ್ಲರೆ. ಆ ವೇಗದಲ್ಲೂ ಒಂದು ಪ್ರಯೋಗ ನಡೆದಿದೆ: ಗಂಟೆಗೆ 10 ಕಿ.ಮೀ.ನಲ್ಲಿ ಉಳಿತಾಯ ಶೇ 1ಕ್ಕಿಂತ ತುಸು ಕಡಿಮೆ, 12ರಲ್ಲಿ ಶೇ 1.4ರಷ್ಟು, ಅದೂ ಸರಾಸರಿ. ಕೆಲವರಿಗೆ ಲಾಭ, ಕೆಲವರಿಗೆ ಉಲ್ಟಾ. ನಿಮ್ಮ 58 ನಿಮಿಷಕ್ಕೆ ಲೆಕ್ಕ ಹಾಕಿದ್ರೆ ಹೆಚ್ಚೆಂದ್ರೆ ಅರ್ಧ ನಿಮಿಷ. ವಾರದಲ್ಲಿ ನಿಧಾನದ ಓಟ ಇನ್ನೊಂದು ದಿನ ಸೇರಿಸಿದ್ರೆ ಅದಕ್ಕಿಂತ ಜಾಸ್ತಿ ಸಿಗುತ್ತೆ, ಪುಕ್ಕಟೆ.

ಇನ್ನೊಂದು ಸಂಗತಿ ನನಗೆ ಆಶ್ಚರ್ಯ ಆಗಿತ್ತು. ಮ್ಯಾಸಚೂಸೆಟ್ಸ್‌ನ ಸಂಶೋಧಕರು ಅದೇ ಶೂ ತಗೊಂಡು ಮುಂಗಾಲಿನ ಕಡೆ ಪ್ಲೇಟನ್ನ ಅಡ್ಡಡ್ಡ ಕತ್ತರಿಸಿ ಓಡಿಸಿ ನೋಡಿದ್ರು. ಕತ್ತರಿಸಿದ ಶೂಗೂ ಕತ್ತರಿಸದ ಶೂಗೂ ಶಕ್ತಿಯ ಲೆಕ್ಕದಲ್ಲಿ ಹೇಳಿಕೊಳ್ಳೋವಂಥ ವ್ಯತ್ಯಾಸ ಬರಲಿಲ್ಲ. ಹೆಚ್ಚಿನ ಕೆಲಸ ಫೋಮಿನದ್ದು, ಆಮೇಲೆ ಅಡಿಯ ಬಾಗಿದ ಆಕಾರದ್ದು ಇರಬೇಕು. ಪೆಬಾ ಅನ್ನೋ ಆ ಫೋಮ್ ಒತ್ತಿದ ಶಕ್ತಿಯಲ್ಲಿ ಶೇ 87ರಷ್ಟನ್ನ ವಾಪಸ್ ಕೊಡುತ್ತೆ ಅಂತ ಕೊಲರಾಡೋದವರು ಅಳೆದಿದ್ರು. ಹೋಲಿಕೆಗೆ ಇಟ್ಟ ಸಾದಾ ರೇಸ್ ಶೂನದ್ದು ಶೇ 65ರ ಹತ್ತಿರ. ಅದಕ್ಕೇ ಹೇಳೋದು, ಡಬ್ಬಿ ಮೇಲೆ ಕಾರ್ಬನ್ ಅಂತ ಇದೆಯಾ ಅಂತ ನೋಡೋದಕ್ಕಿಂತ ಫೋಮ್ ಯಾವುದು ಅಂತ ನೋಡ್ರಿ. ಪ್ಲೇಟೇ ಇಲ್ಲದ, ಒಳ್ಳೇ ಫೋಮಿನ, ಹಗುರ ಶೂ ನಿಮ್ಮ ಇಂಟರ್ವಲ್ಲಿಗೆ ಧಾರಾಳ ಸಾಕು. ಈಗ ನಾನೂ ಸ್ಪೀಡ್ ಪ್ರಾಕ್ಟೀಸನ್ನ ಹೆಚ್ಚಾಗಿ ಅಂಥದ್ರಲ್ಲೇ ಮಾಡ್ತೀನಿ. ಪ್ಲೇಟಿನದ್ದನ್ನ ರೇಸ್ ಹತ್ತಿರ ಬಂದಾಗ, ಕಾಲಿಗೆ ರೂಢಿಯಾಗೋ ಮಟ್ಟಿಗೆ ಮಾತ್ರ ತೆಗೀತೀನಿ.

ಇಷ್ಟು ಹೇಳಿದ ಮೇಲೂ ನಿಮಗೆ ಪ್ಲೇಟೇ ಬೇಕು ಅಂದ್ರೆ ನೈಲಾನಿನದ್ದು ತಗೊಳ್ರಿ, ಸ್ವಲ್ಪ ಬಾಗುತ್ತೆ, ತಪ್ಪು ಹೆಜ್ಜೆಯನ್ನ ಸಹಿಸಿಕೊಳ್ಳುತ್ತೆ. ಆದ್ರೆ ಪರೀಕ್ಷೆ ಮಾಡೋ ರೀತಿ ಸರಿಯಾಗಿರಲಿ. ಹೊಸ ಶೂ ಒಂದು ದಿನ, ಹಳೇ ಶೂ ಇನ್ನೊಂದು ದಿನ ಹಾಕ್ಕೊಂಡು ಹೋಲಿಸಿದ್ರೆ ನೀವು ಅಳೆದದ್ದು ಹವಾಮಾನವನ್ನ. ನಮ್ಮ ಕಡೆ ಏಪ್ರಿಲ್-ಮೇ ತಿಂಗಳ 40 ಡಿಗ್ರಿ ಬಿಸಿಲಿಗೂ ಆಗಸ್ಟಿನ ಮೋಡಕ್ಕೂ ಪೇಸ್ ಎಷ್ಟು ಬದಲಾಗುತ್ತೆ ಅನ್ನೋದು ಓಡೋರಿಗೆ ಗೊತ್ತು. ಎರಡೂ ಜೋಡಿಯನ್ನ ಒಂದೇ ಬೆಳಿಗ್ಗೆ ಮೈದಾನಕ್ಕೆ ಒಯ್ರಿ. ಒಂದು ಸುತ್ತು ಹಳೇದು, ಎರಡು ಸುತ್ತು ಹೊಸದು, ಮತ್ತೆ ಒಂದು ಹಳೇದು. ನಡುವೆ ಪೂರ್ತಿ ವಿಶ್ರಾಂತಿ. ಪೇಸ್ ಒಂದೇ ಇಟ್ಟು ಹಾರ್ಟ್ ರೇಟ್ ನೋಡ್ರಿ, ಜೋರಾಗಿ ಓಡಿ ಪೇಸ್ ನೋಡಬೇಡ್ರಿ.

ತಾಜಾ ಕಾಲಲ್ಲಿ ಎಲ್ಲಾ ಶೂನೂ ಚಂದ ಅನ್ನಿಸುತ್ತೆ. ದಣಿದ ಮೇಲೆ, ಕೊನೇ ಸುತ್ತಿನ ತಿರುವಿನಲ್ಲಿ ಹಿಮ್ಮಡಿ ಒಳಗಡೆ ವಾಲ್ತಾ ಇದೆಯಾ ಅಂತ ಜೊತೆಗಿದ್ದವರಿಗೆ ಹಿಂದಿನಿಂದ ಮೊಬೈಲಿನಲ್ಲಿ ವಿಡಿಯೋ ಮಾಡೋಕೆ ಹೇಳ್ರಿ. ವಾಲ್ತಿದ್ರೆ ಆ ಶೂ ನಿಮ್ಮದಲ್ಲ, ಎಷ್ಟೇ ಹೆಸರುವಾಸಿಯಾಗಿರಲಿ. ಮರುದಿನ ಮೀನಖಂಡ ನೋಯ್ತಾ ಅನ್ನೋದರ ಜೊತೆಗೆ ಹಿಮ್ಮಡಿ ಮೇಲಿನ ಸ್ನಾಯುರಜ್ಜು, ಪಾದದ ಮೇಲ್ಭಾಗ ಒತ್ತಿ ನೋಡ್ರಿ. ಸ್ನಾಯು ಸುಮ್ಮನಿದ್ದ ಮಾತ್ರಕ್ಕೆ ಎಲ್ಲಾ ಸುಮ್ಮನಿದೆ ಅಂತಲ್ಲ, ನನಗಾದದ್ದು ಹಾಗೇ ಅಲ್ವಾ. ವಾರಕ್ಕೆ ಒಂದೇ ಸಲ, ಅದೂ ಜೋರಾಗಿ ಓಡೋ ಹೊತ್ತಿಗೆ ಮಾತ್ರ ಹಾಕ್ಕೊಳ್ರಿ. ಮೈ ಬಿಸಿ ಮಾಡೋ ಓಟಕ್ಕೆ ಹಳೇ ಶೂ, ಮೈದಾನದ ಅಂಚಿನಲ್ಲಿ ಕೂತು ಬದಲಾಯಿಸೋದು ಐದು ನಿಮಿಷದ ಕೆಲಸ.

ಅಂದ ಹಾಗೆ, "ತರಬೇತಿಗೆ" ಅಂತ ಮಾರೋ ಕೆಲವು ಶೂಗಳ ಅಡಿ 40 ಮಿ.ಮೀ.ಗಿಂತ ದಪ್ಪ ಇರುತ್ತೆ. ರಸ್ತೆ ರೇಸಿಗೆ ವರ್ಲ್ಡ್ ಅಥ್ಲೆಟಿಕ್ಸ್ 2020ರಲ್ಲಿ ಹಾಕಿದ ಮಿತಿ 40. 2021ರ ವಿಯೆನ್ನಾ ಮ್ಯಾರಥಾನಿನಲ್ಲಿ ಇಥಿಯೋಪಿಯಾದ ದೆರಾರಾ ಹುರಿಸಾ ಮೊದಲು ಗುರಿ ಮುಟ್ಟಿಯೂ 50 ಮಿ.ಮೀ. ಅಡಿಯ ಶೂ ಹಾಕಿದ್ದಕ್ಕೆ ಗೆಲುವು ಕಳಕೊಂಡ್ರು. ನಿಮ್ಮ-ನಮ್ಮಂಥವರ ಶೂ ಯಾರೂ ಅಳೆಯೋಕೆ ಬರಲ್ಲ, ಆದ್ರೆ ಅಷ್ಟು ಎತ್ತರದ ಮೇಲೆ ತಿರುಗೋದು ಕಷ್ಟ ಅನ್ನೋದು ನಿಮಗೂ ಅನ್ವಯಿಸುತ್ತೆ.

ನಮ್ಮ ರಸ್ತೆಗಳಿಗೆ ಬೇರೆನೇ ಒಂದು ಪರೀಕ್ಷೆ ಇದೆ. ಈ ಶೂಗಳನ್ನ ಬೋರಲು ಹಾಕಿ ನೋಡ್ರಿ, ತೂಕ ಇಳಿಸೋಕೆ ಹಲವಕ್ಕೆ ಅಡಿಯ ನಡುವೆ ಉದ್ದಕ್ಕೆ ಸೀಳು ಬಿಟ್ಟಿರುತ್ತಾರೆ, ರಬ್ಬರ್ ಅಲ್ಲಲ್ಲಿ ಮಾತ್ರ. ರಸ್ತೆ ಬದಿಯ ಜಲ್ಲಿ ಆ ಸೀಳಿನಲ್ಲಿ ಸಿಕ್ಕಿಕೊಂಡು ಫೋಮ್ ಹರಿಯುತ್ತೆ, ನನ್ನದು ಹಾಗೇ ಹರಿದಿತ್ತು. ಸೀಳು ಸಣ್ಣದಿರೋ, ರಬ್ಬರ್ ಜಾಸ್ತಿ ಇರೋದನ್ನ ಆರಿಸ್ರಿ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ, ತಗಡಿನ ಛಾವಣಿ ಕೆಳಗೆ ಇಡಬೇಡ್ರಿ, ಅಂಟು ಬಿಡುತ್ತೆ.

ಅಳತೆ: ಸಂಜೆ ಹೊತ್ತಿಗೆ, ಪಾದ ತುಸು ಉಬ್ಬಿದಾಗ, ಓಡೋ ಸಾಕ್ಸ್ ಹಾಕ್ಕೊಂಡೇ ಹಾಕಿ ನೋಡ್ರಿ. ಉದ್ದ ಬೆರಳಿನ ಮುಂದೆ ಹೆಬ್ಬೆರಳಿನಗಲ ಜಾಗ ಬೇಕು. ಪ್ಲೇಟ್ ಬಾಗಲ್ಲ, ಹಾಗಾಗಿ ಹಿಮ್ಮಡಿ ಮೇಲೇಳೋದು ಸಾದಾ ಶೂಗಿಂತ ಜಾಸ್ತಿ. ಲೇಸನ್ನ ಕೊನೇ ತೂತಿನವರೆಗೆ ಕಟ್ಟಿದ ಮೇಲೂ ಹಿಮ್ಮಡಿ ಜಾರ್ತಿದ್ರೆ ಇನ್ನೊಂದು ನಂಬರ್ ತರಿಸ್ರಿ. ಈ ಪರೀಕ್ಷೆ ಮನೆಯೊಳಗೆ, ಚಾಪೆ ಮೇಲೆ ಮುಗೀಲಿ. ಅಡಿಗೆ ಧೂಳು ಹತ್ತಿದ್ರೆ ಶೂ ವಾಪಸ್ ತಗೊಳ್ಳೋದು ಅನುಮಾನ.