ಎಡಚ ಗಿಟಾರ್ ವಾದಕನ ಬಲಗೈ

ಪ್ರಶ್ನೆ: ಬ್ಲ್ಯಾಕ್ ಸಬ್ಬತ್ ಅನ್ನೋ ಇಂಗ್ಲಿಷ್ ರಾಕ್ ತಂಡದ ಗಿಟಾರ್ ವಾದಕ ಟೋನಿ ಅಯೋಮಿ ಅವರ ಬಲಗೈ ಬೆರಳು ತುಂಡಾಗಿತ್ತಂತೆ. ಗಿಟಾರ್ ತಂತಿ ಒತ್ತೋದು ಎಡಗೈ ಅಲ್ವಾ, ಮತ್ತೆ ಅಷ್ಟೇನು ತೊಂದರೆ? ಆ ಅಪಘಾತದಿಂದಲೇ ಹೆವಿ ಮೆಟಲ್ ಅನ್ನೋ ಭಾರವಾದ ನಾದದ ರಾಕ್ ಸಂಗೀತ ಹುಟ್ಟಿತು ಅಂತಾರೆ, ನಿಜವೇ?

ಉತ್ತರ: ಅಯೋಮಿ ಎಡಚರು. ಹಾಗಾಗಿ ಅವರು ತಂತಿ ಒತ್ತುವುದೇ ಬಲಗೈಯಿಂದ. ಹೋಗಬಾರದ ಬೆರಳುಗಳೇ ಹೋದವು.

ಅವರು ಹುಟ್ಟಿದ್ದು 1948ರಲ್ಲಿ, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ. ಊರ ತುಂಬ ಕಾರ್ಖಾನೆಗಳು. ಮನೆಯವರು ಅಕಾರ್ಡಿಯನ್ ನುಡಿಸುತ್ತಿದ್ದರು, ಇವರೂ ಮೊದಲು ಅದನ್ನೇ ಕಲಿತರು. ಹದಿನೇಳನೇ ವಯಸ್ಸಿಗೆ ತಗಡಿನ ಕಾರ್ಖಾನೆಯಲ್ಲಿ ವೆಲ್ಡಿಂಗ್ ಕೆಲಸ. ಒಂದು ತಂಡದ ಜೊತೆ ಯುರೋಪಿಗೆ ಹೋಗುವ ಅವಕಾಶ ಸಿಕ್ಕಿತ್ತು, ಕೆಲಸ ಬಿಡುವುದು ಖಾಯಂ ಆಗಿತ್ತು, ಅವತ್ತೇ ಕೊನೇ ದಿನ. ಊಟಕ್ಕೆ ಮನೆಗೆ ಬಂದವರು ಮತ್ತೆ ಹೋಗಲ್ಲ ಅಂದರು. ಹಿಡಿದ ಕೆಲಸ ಮುಗಿಸಿ ಬಾ ಅಂತ ಅಮ್ಮ ವಾಪಸ್ ಕಳಿಸಿದರು. ಅವತ್ತು ತಗಡು ಒತ್ತುವ ಪ್ರೆಸ್ ಯಂತ್ರದವರು ಬಂದಿರಲಿಲ್ಲ, ರೂಢಿಯಿಲ್ಲದ ಇವರನ್ನೇ ಅಲ್ಲಿ ನಿಲ್ಲಿಸಿದರು. ಯಂತ್ರ ಕೈಮೇಲೆ ಬಿತ್ತು, ಇವರು ಗಾಬರಿಯಲ್ಲಿ ಕೈ ಎಳೆದುಕೊಂಡರು. ಮಧ್ಯದ ಬೆರಳು, ಉಂಗುರದ ಬೆರಳು, ಎರಡರ ತುದಿಯೂ ಹೋಯಿತು.

ಗಿಟಾರ್ ಮರೆತುಬಿಡು ಅಂದರು ವೈದ್ಯರು. ಹಾಸಿಗೆ ಹಿಡಿದಿದ್ದವರನ್ನು ನೋಡಲು ಕಾರ್ಖಾನೆಯ ಮೇಲ್ವಿಚಾರಕರು ಒಂದು ರೆಕಾರ್ಡ್ ಹಿಡಿದು ಬಂದರು. ಸಂಗೀತ ಕೇಳುವ ಮನಸ್ಸೇ ಇವರಿಗೆ ಇರಲಿಲ್ಲ. ಅವರು ಬಿಡದೆ ಕೇಳಿಸಿದರು, ಆಮೇಲೆ ಇದನ್ನು ನುಡಿಸುತ್ತಿರುವವರು ಎರಡೇ ಬೆರಳಿನಲ್ಲಿ ನುಡಿಸುತ್ತಾರೆ ಅಂತ ಹೇಳಿದರು. ಅದು ಹೆಸರಾಂತ ಜಾಝ್ ಗಿಟಾರ್ ವಾದಕ ಜಾಂಗೋ ರೈನ್‌ಹಾರ್ಟ್. 1928ರಲ್ಲಿ ಬೆಂಕಿಗೆ ಸಿಕ್ಕಿ ಅವರ ಎಡಗೈಯ ಎರಡು ಬೆರಳು ಸ್ವಾಧೀನ ಕಳೆದುಕೊಂಡಿದ್ದವು. ಆ ಮೇಲ್ವಿಚಾರಕರ ಬಗ್ಗೆ ಯಾರೂ ಜಾಸ್ತಿ ಮಾತಾಡಲ್ಲ. ನನಗಂತೂ ಇಡೀ ಕಥೆಯಲ್ಲಿ ಅವರೇ ದೊಡ್ಡವರಾಗಿ ಕಾಣುತ್ತಾರೆ.

ಇನ್ನು ನಿಮ್ಮ ಕೊನೇ ಪ್ರಶ್ನೆ. ಅಪಘಾತದಿಂದ ಹುಟ್ಟಿತು ಅಂದರೆ ಅರ್ಧ ನಿಜ. ಉಳಿದರ್ಧ ಆ ಹುಡುಗ ಮನೆಯಲ್ಲಿ ಕೂತು ಮಾಡಿದ ಕೆಲಸ. ಪಾತ್ರೆ ತೊಳೆಯುವ ಸೋಪಿನ ಪ್ಲಾಸ್ಟಿಕ್ ಬಾಟಲಿ ಕರಗಿಸಿ ಉಂಡೆ ಮಾಡಿದರು, ಕಾದ ಕಬ್ಬಿಣದಿಂದ ಬೆರಳು ಹಿಡಿಸುವಷ್ಟು ತೂತು ಕೊರೆದರು, ಉಜ್ಜಿ ಉಜ್ಜಿ ಬೆರಳಿನ ಆಕಾರಕ್ಕೆ ತಂದರು. ಹಾಕಿಕೊಂಡು ನುಡಿಸಿದರೆ ಪ್ಲಾಸ್ಟಿಕ್ ತಂತಿ ಮೇಲೆ ಜಾರುತ್ತಿತ್ತು. ಹಳೇ ಜಾಕೆಟ್ಟಿನ ಚರ್ಮ ಕತ್ತರಿಸಿ ಅಂಟಿಸಿದರು. ಆದರೂ ಬೆರಳ ತುದಿಯ ಆ ಟೋಪಿಯ ಕೆಳಗೆ ತಂತಿ ಇದೆಯೋ ಇಲ್ಲವೋ ಬೆರಳಿಗೆ ಗೊತ್ತಾಗಲ್ಲ, ಎಷ್ಟು ಒತ್ತಬೇಕು ಅನ್ನೋದನ್ನು ಕಿವಿಯಿಂದಲೇ ಕಲಿಯಬೇಕು. ದಪ್ಪ ತಂತಿ ನೋಯಿಸುತ್ತಿತ್ತು, ತೆಳುವಾದ ಗಿಟಾರ್ ತಂತಿ ಆಗ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ, ಅದಕ್ಕೆ ಬ್ಯಾಂಜೋ ತಂತಿ ತಂದು ಕಟ್ಟಿದರು. ಹಲವು ಸ್ವರ ಒಟ್ಟಿಗೆ ನುಡಿಸುವ ಪೂರ್ತಿ ಕಾರ್ಡ್ ಹಿಡಿಯೋದು ಕಷ್ಟವಾದಾಗ ಎರಡೇ ಸ್ವರದ ಕಾರ್ಡ್‌ಗಳಿಂದ ದಪ್ಪ ನಾದ ತೆಗೆಯೋದು ಹೇಗೆ ಅಂತ ಹುಡುಕಿದರು.

ನಾದ ಭಾರವಾಗಲು ಇನ್ನೊಂದು ಕಾರಣ ತಂತಿಗಳ ಶ್ರುತಿ ಇಳಿಸಿದ್ದು, ಅದು ಮಾತ್ರ ಆಮೇಲೆ. ಬ್ಲ್ಯಾಕ್ ಸಬ್ಬತ್‌ನ ಮೊದಲ ಎರಡು ಆಲ್ಬಂಗಳು ಮಾಮೂಲಿ ಶ್ರುತಿಯಲ್ಲೇ ಇವೆ. 1971ರ ಮೂರನೇ ಆಲ್ಬಂನ ಕೆಲವು ಹಾಡುಗಳಲ್ಲಿ ಮೂರು ಫ್ರೆಟ್‌ನಷ್ಟು, ಅಂದರೆ ಗಿಟಾರಿನ ಮೂರು ಮನೆಯಷ್ಟು, ಕೆಳಗಿಳಿಸಿದರು. ತಂತಿ ಸಡಿಲವಾಗಿ ಬೆರಳಿಗೆ ಹಿತವಾಯಿತು, ನಾದಕ್ಕೆ ಭಾರವೂ ಬಂತು.

ಪ್ರಶ್ನೆ: ತಂಡದ ಹಾಡುಗಾರ ಓಝಿ ಆಸ್ಬರ್ನ್, ಅಯೋಮಿ ಅವರಿಗೆ ಮೊದಲೇ ಗೆಳೆಯರಾಗಿದ್ದರೇ?

ಉತ್ತರ: ಆಗ ಗೆಳೆಯರಲ್ಲ, ಬರೀ ಒಂದೇ ಶಾಲೆಯವರು. ಓಝಿ ಒಂದು ತರಗತಿ ಕೆಳಗೆ. 1968ರಲ್ಲಿ ಅಯೋಮಿ ಮತ್ತು ಡ್ರಮ್ಮರ್ ಬಿಲ್ ವಾರ್ಡ್ ಹಾಡುಗಾರರನ್ನು ಹುಡುಕುತ್ತಿದ್ದಾಗ ವಾದ್ಯದ ಅಂಗಡಿಯಲ್ಲಿ ಓಝಿ ಅನ್ನೋ ಹೆಸರಿನ ಜಾಹೀರಾತು ಚೀಟಿ ಕಂಡಿತು. ಶಾಲೆಯಲ್ಲಿದ್ದ ಆ ಹುಡುಗ ಆಗಿರಲಿಕ್ಕಿಲ್ಲ, ಅವನಿಗೆ ಹಾಡೋಕೆ ಬರಲ್ಲ ಅಂದುಕೊಂಡೇ ಅಯೋಮಿ ಆ ಮನೆಗೆ ಹೋದರು. ಒಳಗಿಂದ ಬಂದದ್ದು ಅದೇ ಹುಡುಗ.