ಎರಡನೇ ಮಹಾಯುದ್ಧ ಮುಗಿದಾಗ ಬ್ರಿಟಿಷ್ ಸೈನಿಕರಲ್ಲಿ ಯಾರು ಮೊದಲು ಮನೆಗೆ ಹೋಗಬೇಕೆಂದು ಹೇಗೆ ನಿರ್ಧರಿಸಿದರು?

ಮುಖ್ಯವಾಗಿ ವಯಸ್ಸು ಮತ್ತು ಸೇವಾವಧಿ ನೋಡಿ. ಎರಡು ತಿಂಗಳ ಸೇವೆ ಒಂದು ವರ್ಷದ ವಯಸ್ಸಿಗೆ ಸಮ ಎಂಬುದು ಲೆಕ್ಕ. ಹಾಗಾಗಿ ನಾಲ್ಕು ವರ್ಷ ದುಡಿದ 22ರ ಹುಡುಗನೂ, ಒಂದೇ ವರ್ಷ ಸೇವೆಯಲ್ಲಿದ್ದ 40ರ ಸಂಸಾರಸ್ಥನೂ ಒಂದೇ ಗುಂಪಿಗೆ ಬರುತ್ತಿದ್ದರು. ಸಚಿವ ಅರ್ನೆಸ್ಟ್ ಬೆವಿನ್ ರೂಪಿಸಿದ ಈ ಯೋಜನೆ 1945ರ ಜೂನ್ 18ರಂದು ಶುರುವಾಯಿತು.

ಇಷ್ಟು ಸರಳ ಸೂತ್ರಕ್ಕೆ ಕಾರಣ ಹಿಂದಿನ ಯುದ್ಧದ ಕಹಿ ಅನುಭವ. ಆಗ, ಊರಲ್ಲಿ ಕೆಲಸ ಕಾದಿದೆ ಎಂದು ಮಾಲೀಕರಿಂದ ಪತ್ರ ಬಂದವರಿಗೆ ಮೊದಲ ಬಿಡುಗಡೆ. ಅಂಥವರಲ್ಲಿ ಬಹಳ ಮಂದಿ ತಡವಾಗಿ ಸೇನೆಗೆ ಸೇರಿದವರು! ವರ್ಷಗಟ್ಟಲೆ ಕಂದಕದಲ್ಲಿ ಕೂತವರಿಗೆ ಹೊಟ್ಟೆ ಉರಿಯದೆ ಇರುತ್ತದೆಯೇ? 1919ರ ಜನವರಿಯಲ್ಲಿ ಫೋಕ್‌ಸ್ಟನ್ ಬಂದರಿನಲ್ಲಿ ಸಾವಿರಾರು ಸೈನಿಕರು ಮತ್ತೆ ಫ್ರಾನ್ಸಿಗೆ ಹಡಗು ಹತ್ತಲು ಒಪ್ಪಲಿಲ್ಲ.

1945ರಲ್ಲಿ ಬಿಡುಗಡೆಯಾದವನಿಗೆ ಸರ್ಕಾರವೇ ಸೂಟು, ಶರ್ಟು, ಟೈ, ಬೂಟು, ಟೋಪಿ, ಮಳೆಕೋಟು ಕೊಟ್ಟಿತು. ಅದನ್ನೆಲ್ಲ ರಟ್ಟಿನ ಡಬ್ಬದಲ್ಲಿ ಹಿಡಿದು ಅವನು ರೈಲು ಹತ್ತುತ್ತಿದ್ದ. ಜೊತೆಗೆ 56 ದಿನಗಳ ಸಂಬಳದ ರಜೆ.

ದೂರದಲ್ಲಿದ್ದವರ ಪಾಡು ಬೇರೆ. ಹಡಗುಗಳು ಸಾಲದೆ ಅವರು ಕಾಯಬೇಕಾಯಿತು. 1946ರ ಜನವರಿಯಲ್ಲಿ ಕರಾಚಿಯ ಡ್ರಿಗ್ ರೋಡ್ ನೆಲೆಯಲ್ಲಿ ಬ್ರಿಟಿಷ್ ವಾಯುಪಡೆಯವರೇ ಮುಷ್ಕರ ಹೂಡಿದರು; ಅದು ಸಿಂಗಾಪುರದವರೆಗೂ ಹಬ್ಬಿತು.